ಯೂನಿವರ್ಸಿಟಿ ಲ್ಯಾಬ್‌ನ ಫಿಟ್‌ನೆಸ್ ಟೆಸ್ಟ್: ಅಳತೆಗೆ ಪೂರ್ತಿ ಅಂಕ, ರಿಪೋರ್ಟ್‌ಗೆ ಅರ್ಧ

ಕ್ರೀಡಾ ವಿಜ್ಞಾನ ವಿಭಾಗ ಇರುವ ಎಷ್ಟೋ ಯೂನಿವರ್ಸಿಟಿಗಳು ತಮ್ಮ ಲ್ಯಾಬನ್ನು ಹೊರಗಿನವರಿಗೂ ತೆರೆದಿರುತ್ತವೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಗೆ ಓಟಗಾರರು, ಸೈಕಲ್ ರೇಸ್‌ನವರು ಮಾತ್ರ ಹೋಗೋದು ಅಂದುಕೊಂಡು ಸುಮ್ಮನಿರುತ್ತಾರೆ. ಹಾಗೇನಿಲ್ಲ. ಇಂಥ ಕಡೆ ಫೀಸ್ ಕಟ್ಟಿ, ಟೈಮ್ ತಗೊಂಡು ಹೋದರೆ ನಮ್ಮ ನಿಮ್ಮಂಥವರೂ ಟೆಸ್ಟ್ ಮಾಡಿಸಿಕೊಳ್ಳಬಹುದು. ಇಲ್ಲಾಂದ್ರೆ ಅವರು ನಡೆಸುವ ಯಾವುದಾದರೂ ಅಧ್ಯಯನಕ್ಕೆ ಹೆಸರು ಕೊಟ್ಟು, ದುಡ್ಡಿಲ್ಲದೆಯೇ ಅಳೆಸಿಕೊಳ್ಳಬಹುದು. ನಾನು ಎರಡನ್ನೂ ಮಾಡಿದ್ದೇನೆ, ಹಾಗಾಗಿ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಳೆಯುವ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಅಳೆದದ್ದನ್ನು ನಮಗೆ ತಿಳಿಯುವ ಹಾಗೆ ಹೇಳುವ ಕೆಲಸದಲ್ಲಿ ಮಾತ್ರ ತುಂಬಾ ಹಿಂದಿದ್ದಾರೆ. ಇದು ಸಣ್ಣ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ, ಯಾಕೆಂದರೆ ಅಷ್ಟು ಕಷ್ಟಪಟ್ಟು ಹಿಡಿದ ಸಂಖ್ಯೆ ಮನೆಗೆ ಬಂದು ಡ್ರಾಯರ್ ಸೇರಿದರೆ ಯಾರಿಗೆ ಏನು ಬಂತು? ಲ್ಯಾಬ್ ಹೆಸರು ಹೇಳುವುದಿಲ್ಲ. ಬೇರೆ ಲ್ಯಾಬ್‌ಗಳಿಗೆ ಹೋಗಿಬಂದ ಗೆಳೆಯರ ಮಾತು ಕೇಳಿದರೆ ಅಲ್ಲೂ ಕಥೆ ಹೆಚ್ಚೂ ಕಡಿಮೆ ಇದೇ.

ಬುಕ್ ಮಾಡಿದ ಕೂಡಲೇ ಒಂದು ಸೂಚನೆ ಬಂತು. ಹಿಂದಿನ ದಿನ ಜೋರು ವ್ಯಾಯಾಮ ಬೇಡ, ಟೆಸ್ಟ್‌ಗೆ ಮುಂಚೆ ಕಾಫಿ ಬೇಡ, ಹೊಟ್ಟೆ ಬಿರಿಯುವಷ್ಟು ತಿಂದು ಬರಬೇಡಿ, ಜ್ವರ ನೆಗಡಿ ಇದ್ದರೆ ದಿನ ಬದಲಾಯಿಸಿ. ಎಲ್ಲಕ್ಕೂ ಒಂದೊಂದು ಸಾಲಿನ ಕಾರಣ ಕೊಟ್ಟಿದ್ದರು, ಅದು ಇಷ್ಟವಾಯಿತು. ಹೋದ ಮೇಲೆ ಮೊದಲು ಒಂದು ಪ್ರಶ್ನಾವಳಿ. ಎದೆ ನೋವು ಬರುತ್ತಾ, ತಲೆ ಸುತ್ತಿ ಬಿದ್ದದ್ದುಂಟಾ, ಬಿಪಿಗೋ ಹೃದಯಕ್ಕೋ ಮಾತ್ರೆ ತಗೋತೀರಾ, ಮೂಳೆ ಕೀಲಿನ ತೊಂದರೆ ಇದೆಯಾ, ಇಂಥವು. ಪಾರ್-ಕ್ಯೂ ಅಂತ ಕರೆಯುತ್ತಾರೆ, ಕೆನಡಾದಲ್ಲಿ ಶುರುವಾಗಿ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಒಂದಕ್ಕೆ 'ಹೌದು' ಅಂದರೂ ಸುಮ್ನೆ ಮುಂದೆ ಬಿಡುವುದಿಲ್ಲ, ಇನ್ನಷ್ಟು ಕೇಳುತ್ತಾರೆ, ಬೇಕಾದರೆ ಡಾಕ್ಟರ್ ಚೀಟಿ ತನ್ನಿ ಅನ್ನುತ್ತಾರೆ. ನನ್ನ ಮುಂದೆಯೇ ಒಬ್ಬರನ್ನು ಹಾಗೆ ವಾಪಸ್ ಕಳಿಸಿದರು. ದೂರದಿಂದ ಬಂದಿದ್ದರು ಪಾಪ, ಮುಖ ಸಪ್ಪೆಯಾಯಿತು. ಆದರೆ ಪ್ರಶ್ನೆ ಕೇಳುತ್ತಿದ್ದ ಲ್ಯಾಬ್‌ನ ಹುಡುಗಿ ಪಟ್ಟು ಬಿಡಲಿಲ್ಲ, ದುಡ್ಡು ಪೂರ್ತಿ ವಾಪಸ್ ಕೊಡಿಸಿ, ಚೀಟಿ ಸಿಕ್ಕ ಮೇಲೆ ನೇರ ನನಗೇ ಫೋನ್ ಮಾಡಿ ಸರ್ ಅಂದಳು. ನನಗೆ ಆ ಜಾಗದ ಮೇಲೆ ನಂಬಿಕೆ ಕೂತಿದ್ದು ಅಲ್ಲೇ. ಜಿಮ್‌ಗಳಲ್ಲಿ ಮೊದಲ ದಿನವೇ ಬೆವರಿಳಿಸುವವರು ಈ ಏಳೆಂಟು ಪ್ರಶ್ನೆ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಆಮೇಲೆ ಒಪ್ಪಿಗೆ ಪತ್ರ. ಇದನ್ನು ಓದದೆ ಸಹಿ ಹಾಕಬೇಡಿ. ನಿಮ್ಮ ಅಳತೆಗಳನ್ನು ಸಂಶೋಧನೆಗೆ ಬಳಸಬಹುದಾ, ಹೆಸರು ತೆಗೆದು ಬಳಸುತ್ತಾರಾ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಇದೆಲ್ಲ ಅದರಲ್ಲಿರುತ್ತದೆ. ಯಾವ ಕ್ಷಣದಲ್ಲಾದರೂ ಕಾರಣ ಹೇಳದೆ ನಿಲ್ಲಿಸಿ ಎದ್ದು ಬರಬಹುದು ಅಂತಲೂ ಬರೆದಿರುತ್ತಾರೆ. ಅದು ಅವರ ಔದಾರ್ಯ ಅಲ್ಲ, ನಿಮ್ಮ ಹಕ್ಕು. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಹಾಕಿಕೊಟ್ಟ ದಾರಿ ಇದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಮಾಡಿಸಿದ್ದು ವಿಓ2 ಮ್ಯಾಕ್ಸ್ ಟೆಸ್ಟ್. ಮೈ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಅನ್ನುವ ಅಳತೆ. ಶ್ವಾಸಕೋಶ, ಹೃದಯ, ರಕ್ತ, ಸ್ನಾಯು, ಎಲ್ಲ ಸೇರಿ ಎಷ್ಟು ಕೆಲಸ ಮಾಡಬಲ್ಲವು ಅನ್ನೋದು ಒಂದೇ ಸಂಖ್ಯೆಯಲ್ಲಿ ಸಿಗುತ್ತದೆ.

ನಾನು ಬೇಗ ಹೋಗಿದ್ದರಿಂದ ಮೆಷಿನ್ ತಯಾರು ಮಾಡುವುದನ್ನು ಪೂರ್ತಿ ನೋಡಲು ಸಿಕ್ಕಿತು. ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗ ಮೂರು ಲೀಟರ್ ಗಾಳಿ ಹಿಡಿಯುವ ದಪ್ಪನೆಯ ಸಿರಿಂಜ್ ತಂದು ಕೊಳವೆಗೆ ಸಿಕ್ಕಿಸಿದ. ನಿಧಾನಕ್ಕೆ ಒಮ್ಮೆ, ಜೋರಾಗಿ ಒಮ್ಮೆ, ಮತ್ತೆ ನಿಧಾನಕ್ಕೆ, ಹೀಗೆ ಒತ್ತುತ್ತಾ ಹೋದ. ಪ್ರತಿ ಸಲವೂ ಪರದೆ ಮೇಲೆ ಮೂರು ಲೀಟರ್ ಅಂತಲೇ ಬರಬೇಕು. ಬರಲಿಲ್ಲ ಅಂದರೆ ಮೊದಲಿಂದ. ಆಮೇಲೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸಿಲಿಂಡರ್ ಗಾಳಿ ಬಿಟ್ಟು ನೋಡಿದ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡ 20.93 ಇರುತ್ತದೆ, ನಾವು ಬಿಡುವ ಉಸಿರಿನಲ್ಲಿ 16, 17ರ ಆಸುಪಾಸು. ಈ ಸಣ್ಣ ಅಂತರವನ್ನೇ ಹಿಡಿದು ಇಡೀ ಲೆಕ್ಕ ನಿಂತಿರುವುದು, ಹಾಗಾಗಿ ಮೆಷಿನ್ ಚೂರು ಆಚೀಚೆ ಆದರೂ ನಿಮ್ಮ ಸಂಖ್ಯೆ ಕೆಟ್ಟಿತು. ಅಂಗಡಿಯವರು ಸಾಮಾನು ಹಾಕುವ ಮುಂಚೆ ಖಾಲಿ ತಕ್ಕಡಿ ಸಮ ನಿಂತಿದೆಯಾ ಅಂತ ನೋಡುತ್ತಾರಲ್ವಾ, ಇದೂ ಅದೇ, ಇನ್ನೂ ಸೂಕ್ಷ್ಮವಾಗಿ. ಈ ಕೆಲಸವನ್ನು ಯಾರೂ ನೋಡುವುದಿಲ್ಲ, ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಅವನು ಮಾತ್ರ ಒಂದು ಹಂತವನ್ನೂ ಬಿಡಲಿಲ್ಲ. ನಾನು ಕೊಟ್ಟ ದುಡ್ಡು ಅಲ್ಲಿಗೇ ಹುಟ್ಟಿತು ಅನ್ನಿಸಿತು.

ಮಾಸ್ಕ್ ಬಿಗಿದ ಮೇಲೆ, ಅದರ ತೂತನ್ನು ಅಂಗೈಯಲ್ಲಿ ಮುಚ್ಚಿ ಊದಿ ಅಂದ. ಕೆನ್ನೆ ಪಕ್ಕ ಗಾಳಿ ಸೋರಿದರೆ ಪಟ್ಟಿ ಮತ್ತೆ ಬಿಗಿ ಮಾಡಬೇಕು. ಗಡ್ಡ ಇರುವವರಿಗೆ ಇದು ಸ್ವಲ್ಪ ಕಷ್ಟ, ಜಾಸ್ತಿ ಹೊತ್ತು ಹಿಡಿಯುತ್ತದೆ. ಮಾಸ್ಕ್ ಹಾಕಿದ ಮೇಲೆ ಮಾತಾಡುವ ಹಾಗಿಲ್ಲ, ಆದ್ದರಿಂದ ಒಂದು ಚಾರ್ಟ್ ಎದುರಿಗೆ ಹಿಡಿಯುತ್ತಾರೆ. 6ರಿಂದ 20ರವರೆಗೆ ಅಂಕಿಗಳು, ಎಷ್ಟು ಕಷ್ಟ ಆಗುತ್ತಿದೆಯೋ ಅಲ್ಲಿಗೆ ಬೆರಳು ತೋರಿಸಬೇಕು. ಅದೇನಿದು 6ರಿಂದ ಶುರು ಅಂತ ಕೇಳಿದ್ದಕ್ಕೆ ಹುಡುಗ ಖುಷಿಯಿಂದ ಹೇಳಿದ: ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ್ದು, ನೀವು ತೋರಿಸಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಎದೆಬಡಿತದ ಹತ್ತಿರ ಹತ್ತಿರ ಬರಲಿ ಅಂತ ಹಾಗೆ ಇಟ್ಟರು, ಆರಾಮಾಗಿ ಕೂತಾಗ 60, ಪೂರ್ತಿ ದಮ್ಮು ಹೋದಾಗ 200. ಎಲ್ಲರಿಗೂ, ಎಲ್ಲ ವಯಸ್ಸಿಗೂ ಅದು ಹಾಗೇ ಕೂರುವುದಿಲ್ಲ. ಆದರೂ 'ನಿಮಗೆ ಎಷ್ಟು ಕಷ್ಟ ಆಗ್ತಿದೆ' ಅನ್ನೋದನ್ನು ಒಂದು ಅಳತೆಯಾಗಿ ಒಪ್ಪಿಕೊಂಡದ್ದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಮೆಷಿನ್ ಹೇಳಿದ್ದೇ ನಿಜ, ನಿಮ್ಮ ಮಾತು ಸುಳ್ಳು ಅನ್ನುವ ಧೋರಣೆ ಅಲ್ಲಿರಲಿಲ್ಲ.

ನನಗೆ ಬಳಸಿದ್ದು ಬ್ರೂಸ್ ಪ್ರೊಟೊಕಾಲ್. ವಾಷಿಂಗ್ಟನ್ ಯೂನಿವರ್ಸಿಟಿಯ ಹೃದಯ ತಜ್ಞ ರಾಬರ್ಟ್ ಬ್ರೂಸ್ 1963ರಲ್ಲಿ ಕೊಟ್ಟ ಕ್ರಮ, ಇವತ್ತಿಗೂ ಆಸ್ಪತ್ರೆಗಳ ಟ್ರೆಡ್‌ಮಿಲ್ ಟೆಸ್ಟ್‌ನಲ್ಲಿ ಅದೇ ಓಡುತ್ತಿದೆ. ಮೂರು ಮೂರು ನಿಮಿಷದ ಹಂತಗಳು. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್, ಆದರೆ ಶೇಕಡ 10ರ ಏರು. ಎರಡನೆಯದು 4 ಕಿಲೋಮೀಟರ್, 12ರ ಏರು. ಮೂರನೆಯದು 5.5 ಕಿಲೋಮೀಟರ್, 14. ಇಲ್ಲಿಯವರೆಗೆ ನಡಿಗೆಯೇ. ನಾಲ್ಕನೆಯದಕ್ಕೆ 6.8 ಕಿಲೋಮೀಟರ್, 16ರ ಏರು ಅಂದಾಗ ನಡೆಯುವುದೋ ಓಡುವುದೋ ಗೊತ್ತಾಗುವುದಿಲ್ಲ, ಮೀನಖಂಡ ಉರಿಯಲು ಶುರುವಾಗುತ್ತದೆ. ಉಸಿರಿಗಿಂತ ಮೊದಲು ಕಾಲು ಸೋಲುತ್ತದೆ, ಇದು ಈ ಕ್ರಮದ ನಿಜವಾದ ಸಮಸ್ಯೆ. ಮಂಡಿ ನೋವಿರುವವರು, ಏರು ಹತ್ತಿ ಅಭ್ಯಾಸವಿಲ್ಲದವರು ಸೈಕಲ್ ಮೇಲೆ ಮಾಡಿಸಿ ಅಂತ ಕೇಳಬಹುದು. ಆದರೆ ಸೈಕಲ್ ಮೇಲೆ ಸಂಖ್ಯೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಬರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಕೊನೆಯ ಹಂತದಲ್ಲಿ ಹುಡುಗ ನನ್ನ ಮುಖಕ್ಕಿಂತ ಜಾಸ್ತಿ ಪರದೆ ಮೇಲಿನ ಒಂದೇ ಅಂಕಿ ನೋಡುತ್ತಿದ್ದ. ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಳಕೆಯಾದ ಆಮ್ಲಜನಕದಿಂದ ಭಾಗಿಸಿದರೆ ಬರುವ ಅಂಕಿ ಅದು. ಮೈ ಬರೀ ಕೊಬ್ಬು ಉರಿಸುತ್ತಿದ್ದರೆ 0.7, ಬರೀ ಸಕ್ಕರೆ ಉರಿಸುತ್ತಿದ್ದರೆ 1. ಜೋರು ಹೆಚ್ಚಿದಾಗ ರಕ್ತದಲ್ಲಿ ಆಮ್ಲ ಏರುತ್ತದೆ, ಅದನ್ನು ಸರಿತೂಗಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹೊರಬಂದು ಅಂಕಿ ಒಂದನ್ನು ದಾಟುತ್ತದೆ. 1.1 ದಾಟಿದರೆ ಮನುಷ್ಯ ನಿಜವಾಗಿಯೂ ಕೊನೆಯವರೆಗೆ ಹೋಗಿದ್ದಾನೆ ಅಂತ ಲ್ಯಾಬ್‌ನವರು ನಂಬುತ್ತಾರೆ. ಅಂದರೆ ನೀವು ಆಗಲ್ಲ ಅಂತ ಕೈ ಎತ್ತಿದಾಗ, ಅದು ಮನಸ್ಸಿನ ಸುಸ್ತೋ ಮೈಯ ಸುಸ್ತೋ ಅಂತ ಅವರಿಗೆ ಒಂದು ಅಂದಾಜು ಸಿಗುತ್ತದೆ. "ಇನ್ನು ಮೂವತ್ತೇ ಸೆಕೆಂಡ್ ಸರ್, ಆಗುತ್ತೆ" ಅಂತ ಕೂಗಿ ಹುರಿದುಂಬಿಸುತ್ತಿದ್ದವನು, ನಾನು ಕೈ ಎತ್ತಿದ ಮರುಕ್ಷಣ ಮೆಷಿನ್ ನಿಧಾನ ಮಾಡಿದ. ಮತ್ತೆ ಒಂದು ಮಾತೂ ಬಲವಂತ ಮಾಡಲಿಲ್ಲ. ಮುಗಿದ ಮೇಲೆಯೂ ಎದೆಬಡಿತ ಇಳಿಯುವವರೆಗೆ ನಿಧಾನಕ್ಕೆ ನಡೆಸುತ್ತಲೇ ಇದ್ದ, ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ ಅಂತ.

ಇಷ್ಟೆಲ್ಲ ಯಾಕೆ, ಕೈಯಲ್ಲಿರುವ ಸ್ಮಾರ್ಟ್ ವಾಚೇ ವಿಓ2 ಮ್ಯಾಕ್ಸ್ ತೋರಿಸುತ್ತದಲ್ಲ ಅಂತ ಕೇಳಬಹುದು. ವಾಚ್ ನಿಮ್ಮ ಉಸಿರನ್ನು ಅಳೆಯುವುದಿಲ್ಲ. ಎದೆಬಡಿತ, ವೇಗ, ವಯಸ್ಸು, ತೂಕ ನೋಡಿ ಊಹಿಸುತ್ತದೆ. ನನ್ನ ವಾಚ್ ಹೇಳಿದ್ದಕ್ಕಿಂತ ಲ್ಯಾಬ್‌ನ ಸಂಖ್ಯೆ ಕಡಿಮೆಯೇ ಬಂತು. ವಾಚ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ತಿಂಗಳಿಂದ ತಿಂಗಳಿಗೆ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ತಿಳಿಯಲು ಸಾಕು. ಆದರೆ ಉಸಿರನ್ನು ಹಿಡಿದು ಅಳೆಯುವುದು ಬೇರೆಯೇ ಮಾತು. ಎ.ವಿ. ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ 1923ರಲ್ಲಿ ಇಂಗ್ಲೆಂಡಿನಲ್ಲಿ ಈ ಗರಿಷ್ಠ ಮಿತಿಯ ಬಗ್ಗೆ ಬರೆದಾಗ ಇಂಥ ಮೆಷಿನ್‌ಗಳಿರಲಿಲ್ಲ. ಓಡುವವರ ಉಸಿರನ್ನು ದೊಡ್ಡ ಚೀಲದಲ್ಲಿ ಹಿಡಿದು, ಆಮೇಲೆ ಕೂತು ಅಳೆಯುತ್ತಿದ್ದರು. ಹಿಲ್ ತಾವೇ ಓಡಿದ್ದರು ಕೂಡ. ವೇಗ ಹೆಚ್ಚಿಸುತ್ತಾ ಹೋದರೂ ಒಂದು ಹಂತದ ನಂತರ ಆಮ್ಲಜನಕದ ಬಳಕೆ ಹೆಚ್ಚುವುದಿಲ್ಲ ಅಂತ ಕಂಡರು. ನೂರು ವರ್ಷ ಆದ ಮೇಲೂ ಲ್ಯಾಬ್‌ನಲ್ಲಿ ಹುಡುಕುವುದು ಆ ಸಮತಟ್ಟನ್ನೇ.

ಎದೆಬಡಿತದ ವಿಷಯ ಬಂದದ್ದಕ್ಕೆ ಒಂದು ಮಾತು. 220ರಿಂದ ವಯಸ್ಸು ಕಳೆದರೆ ನಿಮ್ಮ ಗರಿಷ್ಠ ಎದೆಬಡಿತ ಅಂತ ಎಲ್ಲ ಜಿಮ್ ಗೋಡೆ ಮೇಲೂ ಬರೆದಿರುತ್ತಾರೆ, ಅಲ್ವಾ? ಆ ಸೂತ್ರ ಒಂದು ಸರಿಯಾದ ಅಧ್ಯಯನದಿಂದ ಬಂದದ್ದೇ ಅಲ್ಲ, 1970ರ ಆಸುಪಾಸಿನಲ್ಲಿ ಅಲ್ಲಿ ಇಲ್ಲಿ ಸಿಕ್ಕ ಅಂಕಿಗಳ ಮೇಲೆ ಎಳೆದ ಅಂದಾಜು ಗೆರೆ. 2001ರಲ್ಲಿ ಕೊಲರಾಡೊ ಯೂನಿವರ್ಸಿಟಿಯ ಹಿರೊಫುಮಿ ತನಾಕಾ ಮತ್ತು ಜೊತೆಗಾರರು ನೂರಾರು ಅಧ್ಯಯನ ಒಟ್ಟುಗೂಡಿಸಿ ಬೇರೆ ಸೂತ್ರ ಕೊಟ್ಟರು: 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ. 40 ವರ್ಷದವರಿಗೆ ಎರಡೂ 180 ಅನ್ನುತ್ತವೆ. 60ರವರಿಗೆ ಹಳೆಯದು 160, ಹೊಸದು 166. ಹೊಸದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಮಾಮೂಲು. ನಿಮ್ಮದೇ ಗರಿಷ್ಠ ಎಷ್ಟು ಅಂತ ಟೆಸ್ಟ್‌ನಲ್ಲಿ ಕಣ್ಣಾರೆ ಕಂಡ ಮೇಲೆ ಈ ಸೂತ್ರಗಳ ಹಂಗೇ ಇಲ್ಲ. ನನಗೆ ದಿನಾ ಉಪಯೋಗಕ್ಕೆ ಬರುತ್ತಿರುವ ಅಂಕಿ ಇದೊಂದೇ ಅಂದರೂ ತಪ್ಪಿಲ್ಲ.

ಇದರ ಜೊತೆ ಕೈಹಿಡಿತದ ಬಲ, 30 ಸೆಕೆಂಡ್‌ನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು, ಸೊಂಟದ ಸುತ್ತಳತೆ, ಬಿಪಿ, ಇವೂ ಇದ್ದವು. ಐದು ನಿಮಿಷದ ಕೆಲಸ, ಹಾಗಂತ ಕಡೆಗಣಿಸಬೇಡಿ. ಕೆನಡಾದ ಮೆಕ್‌ಮಾಸ್ಟರ್ ಯೂನಿವರ್ಸಿಟಿಯವರು ಮುಂದೆ ನಿಂತು ನಡೆಸಿದ, 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಬಂತು. ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡ 16 ಜಾಸ್ತಿ ಕಂಡಿತು. ಇದನ್ನು ಓದಿ ಕೈಗೆ ಸ್ಪ್ರಿಂಗ್ ತಗೊಂಡು ಹಿಸುಕುತ್ತಾ ಕೂರಬೇಡಿ. ಹಿಡಿತ ಅನ್ನೋದು ಇಡೀ ಮೈಯ ಬಲದ ಗುರುತು ಅಷ್ಟೇ.

ಇನ್ನು ಯೋಗಕ್ಷೇಮದ ಭಾಗ. ಇಲ್ಲಿ ನನಗೆ ಬೇಜಾರಾಯಿತು.

ಟೆಸ್ಟ್ ಮುಗಿದು ಇನ್ನೂ ಬೆವರು ಸುರಿಯುತ್ತಿರುವಾಗಲೇ ಕೈಗೆ ಟ್ಯಾಬ್ ಕೊಟ್ಟು ಐದು ಪ್ರಶ್ನೆ ತುಂಬಿ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಬಂದಿರುವ ಡಬ್ಲ್ಯೂಎಚ್‌ಓ-5 ಪ್ರಶ್ನಾವಳಿ ಅದು. ಕಳೆದ ಎರಡು ವಾರದಲ್ಲಿ ಮನಸ್ಸು ಖುಷಿಯಾಗಿತ್ತಾ, ನೆಮ್ಮದಿಯಿಂದ ಇದ್ದಿರಾ, ಚುರುಕಾಗಿದ್ದಿರಾ, ಎದ್ದಾಗ ಹಗುರ ಅನ್ನಿಸುತ್ತಿತ್ತಾ, ದಿನಗಳು ಇಷ್ಟವಾಗುವ ಸಂಗತಿಗಳಿಂದ ತುಂಬಿದ್ದವಾ. ಪ್ರತಿಯೊಂದಕ್ಕೂ 0ರಿಂದ 5 ಅಂಕ, ಕೂಡಿಸಿ ನಾಲ್ಕರಿಂದ ಗುಣಿಸಿದರೆ 100ಕ್ಕೆ ಎಷ್ಟು ಅಂತ ಬರುತ್ತದೆ. ಒಳ್ಳೆ ಪ್ರಶ್ನೆಗಳೇ. ಚಿಕ್ಕದು, ನೇರ, ಕಾಯಿಲೆ ಬಗ್ಗೆ ಕೇಳದೆ ಚೆನ್ನಾಗಿರುವ ಬಗ್ಗೆ ಕೇಳುತ್ತವೆ. ಆದರೆ ದಮ್ಮು ಕಟ್ಟಿ ಈಗ ತಾನೇ ಇಳಿದವನ ಉತ್ತರ, ನೆಮ್ಮದಿಯಾಗಿ ಕೂತು ಯೋಚಿಸಿ ಕೊಟ್ಟ ಉತ್ತರ ಒಂದೇ ಆಗುತ್ತಾ? ಗಾಳಿ ಅಳೆಯುವ ಮೆಷಿನ್‌ಗೆ ಅಷ್ಟು ಹೊತ್ತು ಕೊಟ್ಟವರು ಮನಸ್ಸಿನ ಪ್ರಶ್ನೆಗೆ ಎರಡು ನಿಮಿಷದ ಜಾಗ ಕೊಟ್ಟರು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಇನ್ನೂ ಜಾಸ್ತಿ ಬೇಸರ ಆದದ್ದು ಏನೆಂದರೆ, ಉತ್ತರ ಬಂದ ಮೇಲೆ ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅಂಕ 50ಕ್ಕಿಂತ ಕೆಳಗೆ ಬಂದರೆ ಮುಂದೆ ವಿಚಾರಿಸಬೇಕು ಅಂತ ಆ ಪ್ರಶ್ನಾವಳಿಯ ಬಳಕೆಯಲ್ಲೇ ಇದೆ. ಅಷ್ಟು ಕಡಿಮೆ ಬಂದ ಒಬ್ಬರು ಅಲ್ಲಿ ಕೂತಿದ್ದರೆ, ಥ್ಯಾಂಕ್ಸ್ ಹೇಳಿಸಿಕೊಂಡು ಹಾಗೇ ಮನೆಗೆ ಹೋಗುತ್ತಿದ್ದರು. ಇದು ಸರಿಯಲ್ಲ. ಕೇಳಿದ ಮೇಲೆ ಕಿವಿಗೊಡಬೇಕು, ಕಿವಿಗೊಡಲು ಜನ ಇಲ್ಲದಿದ್ದರೆ ಕೇಳಬಾರದು.

ವ್ಯಾಯಾಮಕ್ಕೂ ಮನಸ್ಸಿಗೂ ಇರುವ ಸಂಬಂಧವನ್ನು ಯೂನಿವರ್ಸಿಟಿಗಳೇ ತೋರಿಸಿಕೊಟ್ಟದ್ದು, ಅದಕ್ಕೇ ಈ ಸಿಟ್ಟು. ಡ್ಯೂಕ್ ಯೂನಿವರ್ಸಿಟಿಯ ಜೇಮ್ಸ್ ಬ್ಲುಮೆಂತಾಲ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆ ಇದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಮಾತ್ರೆ, ಒಂದಕ್ಕೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪು ಹೆಚ್ಚೂ ಕಡಿಮೆ ಒಂದೇ ಸಮ ಸುಧಾರಿಸಿದ್ದವು. ಮಾತ್ರೆ ಬೇಗ ಕೆಲಸ ಶುರುಮಾಡಿತ್ತು, ವ್ಯಾಯಾಮ ನಿಧಾನಕ್ಕೆ ಅಲ್ಲಿಗೇ ತಲುಪಿತು. ಆ ಅಧ್ಯಯನದಲ್ಲಿ ಏನೂ ಕೊಡದ ಗುಂಪು ಇರಲಿಲ್ಲ, ವ್ಯಾಯಾಮವೂ ಮೇಲ್ವಿಚಾರಣೆಯಲ್ಲಿ ಗುಂಪಾಗಿ ನಡೆದದ್ದು, ಹಾಗಾಗಿ ಜೊತೆಗಿದ್ದ ಜನರಿಂದ ಎಷ್ಟು ಗುಣವಾಯಿತು, ಓಟದಿಂದ ಎಷ್ಟು ಅಂತ ಬಿಡಿಸಿ ಹೇಳಲಾಗದು. ಮಾತ್ರೆ ತಗೊಳ್ಳುತ್ತಿರುವವರು ಇದನ್ನು ಓದಿ ದಯವಿಟ್ಟು ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಈಗ ರಿಪೋರ್ಟ್. ಕೆಲವು ದಿನ ಬಿಟ್ಟು ಮೇಲ್‌ನಲ್ಲಿ ಬಂತು. ತೆಗೆದು ನೋಡಿದರೆ ಸಾಲು ಸಾಲು ಅಂಕಿ, ಬಣ್ಣಬಣ್ಣದ ಗೆರೆ, ಅಕ್ಷರ ಕೂಡಿಸಿದ ಸಂಕ್ಷಿಪ್ತ ಹೆಸರುಗಳು. ತಲೆಬುಡ ಗೊತ್ತಾಗಲಿಲ್ಲ. ಕೊನೆಯಲ್ಲಿ ಒಂದು ಪಟ್ಟಿ, 'ನಿಮ್ಮ ವಯಸ್ಸಿಗೆ ಸಾಧಾರಣ' ಅಂತ ಹಳದಿ ಬಣ್ಣ. ಅಷ್ಟೇ. ಏನು ಮಾಡಬೇಕು? ಎಷ್ಟು ಮಾಡಬೇಕು? ಸಾಧಾರಣ ಅಂದರೆ ಯಾರ ಜೊತೆ ಹೋಲಿಸಿ? ಇಂಥ ಪಟ್ಟಿಗಳು ಯಾವುದೋ ಒಂದು ಕಡೆಯ ಜನರನ್ನು ಅಳೆದು ಮಾಡಿದವು, ಆ ಜನ ನಿಮ್ಮ ಹಾಗೆ ಇದ್ದರೋ ಇಲ್ಲವೋ ಅನ್ನೋದು ದೊಡ್ಡ ಪ್ರಶ್ನೆ. ಕ್ರೀಡಾ ವಿಜ್ಞಾನದಲ್ಲಿ ಗಂಡಸರ ಮೇಲೆ ನಡೆದಷ್ಟು ಅಧ್ಯಯನ ಹೆಂಗಸರ ಮೇಲೆ ನಡೆದಿಲ್ಲ ಅಂತ ಸಂಶೋಧಕರೇ ಬರೆಯುತ್ತಿದ್ದಾರೆ. ರಿಪೋರ್ಟ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಅಳತೆಯಲ್ಲಿ ದಿನದಿಂದ ದಿನಕ್ಕೆ ಶೇಕಡ 5ರಷ್ಟು ಏರುಪೇರು ಸಹಜ ಅಂತ ಲ್ಯಾಬ್‌ನಲ್ಲಿ ಆ ಹುಡುಗ ಬಾಯಿಮಾತಲ್ಲಿ ಹೇಳಿದ್ದ, ಕಾಗದದಲ್ಲಿ ಮಾತ್ರ ದಶಮಾಂಶ ಸಮೇತ ಒಂದೇ ಸಂಖ್ಯೆ, ಕಲ್ಲಿನಲ್ಲಿ ಕೆತ್ತಿದ ಹಾಗೆ.

ಸುಮ್ಮನಿರಲಿಲ್ಲ, ಮೇಲ್ ಬರೆದೆ. ಒಬ್ಬರು ಮೇಡಂ ಫೋನ್‌ನಲ್ಲಿ ಸಿಕ್ಕಿದರು, ಅರ್ಧ ಗಂಟೆ ಕೂತು ಬಿಡಿಸಿ ಹೇಳಿದರು. ಆ ಅರ್ಧ ಗಂಟೆ ಇಡೀ ರಿಪೋರ್ಟ್‌ಗಿಂತ ಹೆಚ್ಚು ಬೆಲೆ ಬಾಳುತ್ತದೆ. ಉದಾಹರಣೆಗೆ, ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಅಂದರೆ ಸುಮ್ನೆ ಕೂತಾಗ ಬೇಕಾಗುವಷ್ಟು, ಅದನ್ನು ಒಂದು ಮೆಟ್ ಅಂತಾರೆ. ನಿಮ್ಮ ವಿಓ2 ಮ್ಯಾಕ್ಸ್ 35 ಬಂದಿದ್ದರೆ ಕೂತಾಗಿನ ಹತ್ತರಷ್ಟು ಕೆಲಸಕ್ಕೆ ಮೈಯಲ್ಲಿ ಜಾಗ ಇದೆ ಅಂತ ಅರ್ಥ. ಚುರುಕು ನಡಿಗೆಗೆ ನಾಲ್ಕೈದು ಮೆಟ್ ಬೇಕು. ಗರಿಷ್ಠವೇ ಆರು ಇರುವವರಿಗೆ ಅದೇ ನಡಿಗೆ ಏದುಸಿರು ತರುತ್ತದೆ, ಹನ್ನೆರಡು ಇರುವವರು ಹಾಡು ಹೇಳಿಕೊಂಡು ನಡೆಯುತ್ತಾರೆ. ವಯಸ್ಸಾದಂತೆ ಈ ಗರಿಷ್ಠ ಇಳಿಯುತ್ತದೆ, ಮೆಟ್ಟಿಲು ಹತ್ತುವುದು, ಸಾಮಾನು ಎತ್ತುವುದು ಯಾವಾಗ ಕಷ್ಟವಾಗುತ್ತದೆ ಅನ್ನೋದು ಈಗ ಕೈಯಲ್ಲಿ ಎಷ್ಟು ಉಳಿಸಿಕೊಂಡಿದ್ದೀರಿ ಅನ್ನುವುದರ ಮೇಲಿದೆ. ಇಷ್ಟು ಸರಳವಾಗಿ ಹೇಳಲು ಬರುವವರು ಅಲ್ಲಿದ್ದಾರೆ. ಅದನ್ನು ಕೇಳಿದವರಿಗೆ ಮಾತ್ರ ಕೊಡುವುದು ಯಾಕೆ? ಫೀಸ್‌ನಲ್ಲೇ ಸೇರಿಸಿ, ಎಲ್ಲರಿಗೂ ಕೊಡಿ.

ಆ ಮೇಡಂ ಹೇಳಿದ ಇನ್ನೊಂದು ಕಥೆ ನನಗೆ ತುಂಬಾ ಹಿಡಿಸಿತು. 1966ರಲ್ಲಿ ಅಮೆರಿಕದ ಡಾಲಸ್‌ನಲ್ಲಿ, ಟೆಕ್ಸಸ್ ಯೂನಿವರ್ಸಿಟಿಯ ವೈದ್ಯಕೀಯ ಶಾಲೆಯವರು ಐದು ಜನ 20ರ ಹುಡುಗರನ್ನು ಮೂರು ವಾರ ಹಾಸಿಗೆ ಮೇಲೆ ಮಲಗಿಸಿದರು. ಏಳುವ ಹಾಗಿಲ್ಲ. ಅವರ ವಿಓ2 ಮ್ಯಾಕ್ಸ್ ಶೇಕಡ 27ರಷ್ಟು ಬಿದ್ದುಹೋಯಿತು. ಆಮೇಲೆ ತರಬೇತಿ ಕೊಟ್ಟಾಗ ಏರಿತು. 30 ವರ್ಷ ಆದ ಮೇಲೆ ಅದೇ ಐದು ಜನರನ್ನು ಹುಡುಕಿ ಮತ್ತೆ ಅಳೆದರು. 20ನೇ ವಯಸ್ಸಿನ ಆ ಮೂರು ವಾರ ಮಲಗಿದ್ದು, 30 ವರ್ಷ ವಯಸ್ಸಾದದ್ದಕ್ಕಿಂತ ಜಾಸ್ತಿ ಹಾಳು ಮಾಡಿತ್ತು. ಅಷ್ಟೇ ಅಲ್ಲ, 50ರ ವಯಸ್ಸಿನಲ್ಲಿ ಆರು ತಿಂಗಳು ಹದವಾಗಿ ತರಬೇತಿ ಮಾಡಿಸಿದಾಗ ಸರಾಸರಿ ಮತ್ತೆ ಹುಡುಗರಾಗಿದ್ದಾಗಿನ ಮೊದಲ ಅಳತೆಗೆ ಬಂತು. ಐದೇ ಜನ, ಎಲ್ಲರೂ ಗಂಡಸರು, ಅದನ್ನು ಮರೆಯಬಾರದು ಅಂತ ಅವರೇ ಸೇರಿಸಿದರು. ಒಳ್ಳೆ ಸಂಶೋಧಕರ ಮಾತಿನಲ್ಲಿ ಈ ಎಚ್ಚರ ತಾನಾಗಿಯೇ ಬರುತ್ತದೆ, ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗಲು ಮುಖ್ಯ ಕಾರಣ ಅದೇ.

ಅಧ್ಯಯನಕ್ಕೆ ಸೇರುವ ದಾರಿಯ ಬಗ್ಗೆ. ದುಡ್ಡು ಕೊಡಬೇಕಿಲ್ಲ, ಹೊತ್ತು ಕೊಡಬೇಕು. ನಾನು ಸೇರಿದ್ದರಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ಹಂಚಿದರು, ನನಗೆ ವ್ಯಾಯಾಮದ ಗುಂಪು ಸಿಗಲಿಲ್ಲ. ಮಾಮೂಲಿನ ಹಾಗೆ ಇರಿ, ಹೊಸದೇನೂ ಶುರು ಮಾಡಬೇಡಿ ಅಂದರು. ಉತ್ಸಾಹದಿಂದ ಹೋದವರಿಗೆ ಇದು ನಿರಾಸೆಯೇ. ಆದರೆ ಹೋಲಿಸಲು ಆ ಗುಂಪು ಇಲ್ಲದಿದ್ದರೆ ಉಳಿದವರ ಸುಧಾರಣೆ ವ್ಯಾಯಾಮದಿಂದಲೇ ಬಂದದ್ದು ಅಂತ ಹೇಗೆ ಹೇಳುವುದು? ಮುಗಿದ ಮೇಲೆ ನಮಗೂ ಅದೇ ತರಬೇತಿ ಕೊಟ್ಟರು, ಎಲ್ಲ ಕಡೆ ಹಾಗೆ ಮಾಡುವುದಿಲ್ಲ, ಸೇರುವ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಅದೇ ತರಬೇತಿಗೆ ಎಲ್ಲರ ಮೈ ಒಂದೇ ಥರ ಸ್ಪಂದಿಸುವುದಿಲ್ಲ. ಕ್ಲಾಡ್ ಬುಷಾರ್ ಮುಂದಾಳತ್ವದ ಹೆರಿಟೇಜ್ ಅಧ್ಯಯನದಲ್ಲಿ ಕುಟುಂಬ ಕುಟುಂಬಗಳಿಗೇ 20 ವಾರ ಒಂದೇ ಬಗೆಯ ತರಬೇತಿ ಕೊಟ್ಟಿದ್ದರು. ಕೆಲವರಿಗೆ ನಿಮಿಷಕ್ಕೆ ಒಂದು ಲೀಟರ್‌ನಷ್ಟು ಏರಿತು, ಕೆಲವರಿಗೆ ಏರಿದ್ದು ಲೆಕ್ಕಕ್ಕೇ ಬರುವಷ್ಟಿರಲಿಲ್ಲ. ಪಕ್ಕದವರ ಸಂಖ್ಯೆ ಓಡುತ್ತಿದೆ, ನಿಮ್ಮದು ನಿಂತಲ್ಲೇ ನಿಂತಿದೆ ಅಂದರೆ ನೀವು ಸೋಮಾರಿ ಅಂತ ಅರ್ಥ ಅಲ್ಲ. ಲ್ಯಾಬ್‌ನವರು ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕಿತ್ತು.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರಕೊಂಡು ಹೋಗಿ, ಟ್ರೆಡ್‌ಮಿಲ್ ಹತ್ತಿಸಲು ಅಲ್ಲ, ಬಲದ ಟೆಸ್ಟ್‌ಗಳಿಗೆ. ಬಾಸ್ಟನ್‌ನಲ್ಲಿ ಮಾರಿಯಾ ಫಿಯಾಟರೋನ್ ತಂಡ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿದ್ದವರು ವೃದ್ಧಾಶ್ರಮದ ಹತ್ತು ಜನ, ವಯಸ್ಸು 86ರಿಂದ 96. ಎಂಟು ವಾರ ತೂಕ ಎತ್ತುವ ತರಬೇತಿ. ಮುಗಿಸಿದವರ ತೊಡೆಯ ಬಲ ಸರಾಸರಿ ಶೇಕಡ 174 ಏರಿತು. ಇದೂ ಸಣ್ಣ ಅಧ್ಯಯನವೇ, ಆದರೆ 'ಈ ವಯಸ್ಸಿಗೆ ಇನ್ನೇನು' ಅನ್ನುವ ಮಾತಿಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ. ಹಿರಿಯರ ಟೆಸ್ಟ್ ಮಾಡುವಾಗ ಇಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ, ತುಂಬಾ ತಾಳ್ಮೆ, 'ಅಮ್ಮ, ನಿಧಾನ' ಅಂತಲೇ ಮಾತು.

ಯಾರಿಗೆ ಬೇಡ? ದಿನಕ್ಕೆ ಒಂದಿಷ್ಟು ನಡೆಯಲು ಶುರು ಮಾಡಬೇಕು ಅನ್ನುವವರಿಗೆ ಇದರ ಅಗತ್ಯವೇ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಹದವಾದ ಚಟುವಟಿಕೆ, ಎರಡು ದಿನ ಬಲದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಸಾಕು, ಅದಕ್ಕೆ ಮಾಸ್ಕ್ ಬೇಡ. ಎದೆ ನೋವಿನ ಕಾರಣ ಹುಡುಕುತ್ತಿರುವವರು ಆಸ್ಪತ್ರೆಗೆ ಹೋಗಬೇಕು, ಇಲ್ಲಿಗಲ್ಲ. ಈಗಾಗಲೇ ವ್ಯಾಯಾಮ ಮಾಡುತ್ತಿದ್ದು ಎಲ್ಲೋ ನಿಂತುಹೋಗಿದೆ ಅನ್ನಿಸುವವರಿಗೆ, ಎಷ್ಟು ಜೋರು ಮಾಡಬೇಕು ಅಂತ ಗೊಂದಲ ಇರುವವರಿಗೆ ಇದು ನಿಜಕ್ಕೂ ಉಪಯೋಗ.

ಅಂಕ ಕೊಡಲೇಬೇಕು ಅಂದರೆ ಅಳತೆಗೆ ಐದಕ್ಕೆ ಐದು, ಸಿಬ್ಬಂದಿಗೆ ಐದು, ಸುರಕ್ಷತೆಗೆ ಐದು. ರಿಪೋರ್ಟ್‌ಗೆ ಎರಡೂವರೆ. ಯೋಗಕ್ಷೇಮದ ಭಾಗಕ್ಕೆ ಎರಡು, ಅದೂ ಪ್ರಶ್ನೆಗಳು ಒಳ್ಳೆಯವು ಅನ್ನುವ ಕಾರಣಕ್ಕೆ.

ಬುಕ್ ಮಾಡುವಾಗಲೇ ಕೇಳಬೇಕಾದದ್ದು ಮೂರಿದೆ. ಟೆಸ್ಟ್ ಆದ ಮೇಲೆ ಯಾರಾದರೂ ಕೂತು ವಿವರಿಸುತ್ತಾರಾ? ನನ್ನ ಸಂಖ್ಯೆಯನ್ನು ಯಾರ ಪಟ್ಟಿಯ ಜೊತೆ ಹೋಲಿಸುತ್ತೀರಿ? ಪ್ರಶ್ನಾವಳಿಯ ಉತ್ತರ ಯಾರು ನೋಡುತ್ತಾರೆ? ಮೊದಲನೆಯದಕ್ಕೆ 'ಇಲ್ಲ' ಅಂದರೆ ಬೇರೆ ಲ್ಯಾಬ್ ನೋಡಿ. ಆರೇಳು ತಿಂಗಳು ಬಿಟ್ಟು ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬ್, ಅದೇ ಮೆಷಿನ್, ಅದೇ ಪ್ರೊಟೊಕಾಲ್, ಸಾಧ್ಯವಾದರೆ ದಿನದ ಅದೇ ಹೊತ್ತು ಇರಲಿ, ಹಳೆ ರಿಪೋರ್ಟ್ ಜೊತೆಗೆ ತಗೊಂಡು ಹೋಗಿ. ಶೇಕಡ 5ರ ಒಳಗಿನ ಏರಿಳಿತ ಕಂಡರೆ ಕುಣಿಯುವುದೂ ಬೇಡ, ಕುಗ್ಗುವುದೂ ಬೇಡ. ಅದಕ್ಕಿಂತ ಜಾಸ್ತಿ ಬದಲಾಗಿದ್ದರೆ ಅಲ್ಲಿಯೇ ಕೂತು, ಯಾಕೆ ಅಂತ ಕೇಳಿ ತಿಳಿದುಕೊಂಡು ಬನ್ನಿ.